ಬಿಳಿ ಹೋಗುವ ದಿನಗಳು: ಹಾವೇರಿ ಜಿಲ್ಲೆಯ ಒಂದು ಪ್ರಕರಣ

ಜೂನ್ 14, ಬೆಳಗಿನ ಹನ್ನೊಂದರ ಹೊತ್ತು. ಅತ್ತೆ, ಸೊಸೆ ಇಬ್ಬರೂ ನನ್ನ ಕ್ಲಿನಿಕ್ಕಿನೊಳಗೆ ಬಂದರು. ಮಗ ಹೊರಗೆ ಬೈಕಿನ ಮೇಲೇ ಕೂತ. ಸೊಸೆಗೆ 26 ವರ್ಷ, ಮದುವೆಯಾಗಿ ಮೂರು ವರ್ಷ ದಾಟಿದೆ. ರಾಣೇಬೆನ್ನೂರು ಕಡೆಯ ಹಳ್ಳಿಯವರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಒಂದು ಫೈಲು. ಮಾತು ಶುರು ಮಾಡಿದ್ದು ಅತ್ತೆ.

"ಬಾಯಾರ, ಈಕಿಗೆ ಬಿಳಿ ಹೋಗ್ತೈತ್ರಿ. ತಿಂಗಳಾ ತಿಂಗಳಾ ಗುಳಿಗಿ ತಗೋತಾಳ, ಕಡಿಮಿ ಆಗ್ತೈತಿ, ಮತ್ತ ಬರ್ತೈತಿ. ಗರ್ಭಚೀಲ ಕೆಡಾಕತ್ತೈತೇನೋ ನೋಡ್ರಿ."

ಸೊಸೆ ನೆಲ ನೋಡುತ್ತಾ ಕೂತಿದ್ದಳು. ಮಕ್ಕಳಾಗಿಲ್ಲ ಅನ್ನುವ ಮಾತು ಬಂದದ್ದು ಹತ್ತು ನಿಮಿಷ ಕಳೆದ ಮೇಲೆ, ಅದೂ ನಾನೇ ಕೇಳಿದಾಗ. ಅವರು ಬಂದದ್ದು ಅದಕ್ಕಲ್ಲ. ಬಿಳಿ ನಿಲ್ಲಲಿ, ಆಮೇಲೆ ಮಕ್ಕಳ ವಿಚಾರ ಅಂತ ಅವರ ಲೆಕ್ಕ. ಎರಡೂ ಒಂದೇ ಗಂಟಿನ ಎರಡು ತುದಿ ಅಂತ ಅವರಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿಗೆ ನನಗೂ ಹೊಳೆದಿರಲಿಲ್ಲ.

ಅವರ ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ. ಸೊಸೆ, ಅತ್ತೆ ಅಂತಲೇ ಕರೆಯುತ್ತೇನೆ.

ಬಿಳಿ ಹೋಗುತ್ತೆ ಅನ್ನುವುದು ನನ್ನ ಕ್ಲಿನಿಕ್ಕಿನಲ್ಲಿ ದಿನಕ್ಕೆ ನಾಲ್ಕೈದು ಸಲ ಕೇಳುವ ಮಾತು. ಅದರ ಹಿಂದೆ ಏನು ಬೇಕಾದರೂ ಇರಬಹುದು. ಗಟ್ಟಿ ಮೊಸರಿನ ಹಾಗೆ ಬಂದು ತುರಿಕೆ ಇದ್ದರೆ ಶಿಲೀಂಧ್ರದ ಸೋಂಕು. ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಯೋನಿಯ ಒಳಗಿನ ಬ್ಯಾಕ್ಟೀರಿಯಾಗಳ ಸಮತೋಲ ತಪ್ಪಿದೆ ಎಂದರ್ಥ. ಹಳದಿ ಹಸಿರು ನೊರೆ ಇದ್ದರೆ ಇನ್ನೊಂದು. ಇವಕ್ಕೆಲ್ಲ ಔಷಧಿ ಬೇಕು. ಇದಾವುದೂ ಅಲ್ಲದೆ, ಆರೋಗ್ಯವಾಗಿರುವ ಹೆಣ್ಣಿಗೆ ತಿಂಗಳಲ್ಲಿ ಕೆಲವು ದಿನ ತಾನಾಗಿಯೇ ಬರುವ ಸ್ರಾವವೂ ಇದೆ. ಹೇಳುವವರು ಎಲ್ಲದಕ್ಕೂ "ಬಿಳಿ" ಅಂತಲೇ ಹೇಳುತ್ತಾರೆ. ಕೇಳುವವರು ಬಣ್ಣ, ವಾಸನೆ, ದಿನ ಕೇಳದಿದ್ದರೆ ಎಲ್ಲದಕ್ಕೂ ಒಂದೇ ಮಾತ್ರೆ ಬೀಳುತ್ತೆ.

ಈಕೆಗೆ ಹಾಗೇ ಆಗಿತ್ತು. ಮೆಡಿಕಲ್ ಶಾಪಿನಲ್ಲಿ "ಬಿಳಿ ಹೋಗೋದಕ್ಕ ಕೊಡ್ರಿ" ಅಂದರೆ ಒಂದು ಕಿಟ್ ಕೊಡುತ್ತಿದ್ದರು. ನುಂಗುವ ಮಾತ್ರೆ ಬೇರೆ, ಒಳಗೆ ಇಟ್ಟುಕೊಳ್ಳುವ ಮಾತ್ರೆ ಬೇರೆ. ಔಷಧಿ ನಡೆಯುವಷ್ಟು ದಿನ ಗಂಡನ ಹತ್ತಿರ ಹೋಗಬೇಡ ಅಂತ ಯಾರೋ ಹೇಳಿದ್ದರು. ಆಕೆ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು. ಹೆಚ್ಚುಕಡಿಮೆ ಎರಡು ವರ್ಷ, ಪ್ರತಿ ತಿಂಗಳು.

ಇನ್ನು ಫೈಲು. ಅದರಲ್ಲಿ ಮೂರು ಕಾಗದ. ಬೇರೊಂದು ಕಡೆ ತೋರಿಸಿದಾಗ ಕೊಟ್ಟವು. ಮೊದಲನೆಯದು ಸ್ಕ್ಯಾನ್: ಎರಡೂ ಅಂಡಾಶಯದಲ್ಲಿ ಸಣ್ಣ ಕೋಶಗಳು (ಅಂಡ ಬೆಳೆಯುವ ಪುಟ್ಟ ಚೀಲಗಳು) ಜಾಸ್ತಿ, ಪಿಸಿಓಡಿ, ಅಂದರೆ ಇಂಥ ಕೋಶಗಳು ತುಂಬಿ ಅಂಡ ಸರಿಯಾಗಿ ಬಿಡುಗಡೆ ಆಗದ ತೊಂದರೆ, ಇರಬಹುದು. ಎರಡನೆಯದು ಮುಟ್ಟಿನ 21ನೇ ದಿನ ಮಾಡಿಸಿದ ಪ್ರೊಜೆಸ್ಟರಾನ್ (ಅಂಡ ಬಿಡುಗಡೆ ಆದ ಮೇಲೆ ಏರುವ ಹಾರ್ಮೋನ್) ರಕ್ತಪರೀಕ್ಷೆ: 0.7. ಅಂದರೆ ಅಂಡ ಬಿಡುಗಡೆ ಆಗಿಲ್ಲ. ಮೂರನೆಯದು ಚೀಟಿ, 12ರಿಂದ 16ನೇ ದಿನದವರೆಗೆ ಗಂಡ ಹೆಂಡತಿ ಸೇರಿ ಅಂತ. ಮೂರನ್ನೂ ಒಟ್ಟಿಗೆ ಓದಿದರೆ ಕತೆ ಸಲೀಸಾಗಿ ಕೂಡಿಬರುತ್ತೆ. ಪಿಸಿಓಡಿ, ಅದಕ್ಕೇ ಅಂಡ ಆಗುತ್ತಿಲ್ಲ, ಅದಕ್ಕೇ ಮಕ್ಕಳಿಲ್ಲ. ನಾನೂ ಪರೀಕ್ಷೆ ಮಾಡುವ ಮುಂಚೆಯೇ ಅರ್ಧ ನಂಬಿಬಿಟ್ಟಿದ್ದೆ. ಫೈಲನ್ನು ಮೊದಲು ಓದಿ ರೋಗಿಯನ್ನು ಆಮೇಲೆ ನೋಡಿದರೆ ಆಗುವುದೇ ಹೀಗೆ.

ಒಳಗೆ ಕರೆದುಕೊಂಡು ಹೋಗಿ ನೋಡಿದೆ. ಯೋನಿಯ ಗೋಡೆ ಕೆಂಪಾಗಿರಲಿಲ್ಲ. ವಾಸನೆ ಇಲ್ಲ, ತುರಿಕೆ ಇಲ್ಲ. ಗರ್ಭಚೀಲದ ಬಾಯಿ ಸ್ವಲ್ಪ ತೆರೆದಿತ್ತು. ಅದರಿಂದ ತಿಳಿಯಾದ, ಗಾಜಿನಂಥ ಲೋಳೆ ಇಳಿಯುತ್ತಿತ್ತು. ಚಿಮಟದಲ್ಲಿ ಹಿಡಿದು ಎಳೆದೆ. ನಾಲ್ಕು ಬೆರಳಿನಷ್ಟು ಉದ್ದ ಬಂತು, ತುಂಡಾಗಲಿಲ್ಲ. ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಒಣಗಲು ಬಿಟ್ಟೆ.

ಅದು ಒಣಗುವಷ್ಟರಲ್ಲಿ ಆಕೆಗೆ ಹೇಗೆ ಹೇಳುವುದು ಅಂತ ಯೋಚಿಸಿದೆ. ಪುಸ್ತಕದಲ್ಲಿ ಇದನ್ನು ಮೊಟ್ಟೆಯ ಬಿಳಿಭಾಗಕ್ಕೆ ಹೋಲಿಸುತ್ತಾರೆ. ಇವರದು ತತ್ತಿ ಮುಟ್ಟದ ಮನೆ. "ಬೆಂಡಿಕಾಯಿ ಹೆಚ್ಚಿದಾಗ ಕೈಗೆ ಹತ್ತತೈತಲ್ಲ ತಂಗಿ, ಹಂಗ ಇರ್ತೈತೋ, ಇಲ್ಲಾ ಮಜ್ಜಿಗಿ ಹಂಗೋ?" ಅಂತ ಕೇಳಿದೆ. ಆಕೆ ಮೊದಲ ಸಲ ತಲೆ ಎತ್ತಿದಳು.

"ಬೆಂಡಿಕಾಯಿ ಲೋಳಿನ ರೀ. ಬೆರಳಿಗೆ ಹತ್ತಿದ್ರ ದಾರ ಬಂದಂಗ ಬರ್ತೈತಿ. ಮೂರ್ನಾಕು ದಿನ ಅಷ್ಟ."

ಗಾಜಿನ ಪಟ್ಟಿ ಒಣಗಿತ್ತು. ಮೈಕ್ರೋಸ್ಕೋಪಿನ ಕೆಳಗಿಟ್ಟೆ. ನಡುವೆ ಒಂದು ದೇಟು, ಎರಡೂ ಕಡೆ ಸಾಲು ಸಾಲು ಎಸಳು, ಆ ಎಸಳಿಗೆ ಮತ್ತೆ ಮರಿ ಎಸಳು. ಆಕೆಗೂ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. "ಬೇವಿನ ತಪ್ಪಲ ಹಂಗ ಐತ್ರಿ" ಅಂದಳು. ಸರಿಯಾಗೇ ಹೇಳಿದಳು. ಲೋಳೆಯಲ್ಲಿರುವ ಉಪ್ಪು ಒಣಗುವಾಗ ಹೀಗೆ ಎಲೆಯ ಆಕಾರಕ್ಕೆ ಹರಳುಗಟ್ಟುತ್ತೆ. ಹಾಗಾಗಬೇಕೆಂದರೆ ಮೈಯಲ್ಲಿ ಅಂಡಾಶಯದ ಹಾರ್ಮೋನ್ ಈಸ್ಟ್ರೋಜನ್ ಚೆನ್ನಾಗಿ ಏರಿರಬೇಕು, ಪ್ರೊಜೆಸ್ಟರಾನ್ ಇನ್ನೂ ಬಂದಿರಬಾರದು. ಇದೊಂದರಿಂದಲೇ ಅಂಡ ಬಿಡುಗಡೆ ಆಗುತ್ತೆ ಅಂತ ಹೇಳಲು ಬರುವುದಿಲ್ಲ. ಆದರೆ ಅಂಡಾಶಯ ಸುಮ್ನೆ ಕೂತಿಲ್ಲ ಅನ್ನುವುದು ಖಾತ್ರಿ.

ಮುಟ್ಟು ಯಾವಾಗ ಆಗಿತ್ತು ಅಂತ ಕೇಳಿದೆ. ಬೆರಳು ಮಡಚಿ ಮೇ 25 ಅಂದಳು. ಅಂದರೆ ಅವತ್ತು 21ನೇ ದಿನ. ಫೈಲಿನ ರಕ್ತಪರೀಕ್ಷೆಯೂ 21ನೇ ದಿನದ್ದೇ. ಅಲ್ಲಿಗೆ ಏನೋ ತಾಳೆ ಆಗುತ್ತಿಲ್ಲ ಅನ್ನಿಸಿತು. "ದಿನ ತಪ್ಪದಂಗ ಮುಟ್ಟಾಗ್ತಿಯೇನು?" ಅಂದರೆ, "ಹೆಚ್ಚುಕಡಿಮಿ ಆಗ್ತೈತ್ರಿ, ಕ್ಯಾಲೆಂಡರಿನ್ಯಾಗ ಗುರುತ ಹಾಕೀನಿ" ಅಂದಳು. ಕಿಟ್ ಬೇಡ, ಯಾವ ಮಾತ್ರೆಯೂ ಬೇಡ, ಮುಂದಿನ ಮುಟ್ಟು ಆದ ಮೇಲೆ ಆ ಕ್ಯಾಲೆಂಡರ್ ತಗೊಂಡು ಬಾ ಅಂತ ಕಳಿಸಿದೆ. ಅತ್ತೆಗೆ ಇದು ಹಿಡಿಸಲಿಲ್ಲ. ಹಾವೇರಿಗೆ ಬಂದು ಗುಳಿಗೆ ಇಲ್ಲದೆ ವಾಪಸ್ ಹೋಗುವುದು ಅಂದರೇನು?

ಜುಲೈ ಮೊದಲ ವಾರ ಮತ್ತೆ ಬಂದರು. ಅಡುಗೆಮನೆಯ ಗೋಡೆಯ ಕ್ಯಾಲೆಂಡರು, ಜನವರಿಯಿಂದ ಜೂನ್‌ವರೆಗಿನ ಹಾಳೆಗಳು. ಮೂಲೆಯಲ್ಲಿ ಎಣ್ಣೆ ಕೈಯ ಗುರುತು. ಹಾಲಿನ ಲೆಕ್ಕ, ಗ್ಯಾಸ್ ಸಿಲಿಂಡರ್ ಬಂದ ದಿನ, ಸಂಘದ ಕಂತು ಎಲ್ಲ ಅದರಲ್ಲೇ. ಮುಟ್ಟಾದ ದಿನಕ್ಕೆ ಒಂದು ಕಾಟು (×) ಗುರುತು. ಅದು ಆರೋಗ್ಯಕ್ಕೆ ಅಂತ ಹಾಕಿದ್ದಲ್ಲ. ಹಬ್ಬ, ಜಾತ್ರೆಗೆ ಮುಟ್ಟಾಗುವ ದಿನ ಸಿಕ್ಕಿಹಾಕಿಕೊಳ್ಳುತ್ತೋ ಏನೋ ಅಂತ ಮೊದಲೇ ನೋಡಿಕೊಳ್ಳಲು. ಅದರ ಜೊತೆ ಅಲ್ಲಲ್ಲಿ ಸಣ್ಣ ಸೊನ್ನೆ. "ಇದೇನು?" ಅಂದೆ. ಕಿಟ್ ಶುರು ಮಾಡಿದ ದಿನ, ಅಂದರೆ ಬಿಳಿ ಕಂಡ ಮೊದಲ ದಿನ.

ಪೆನ್ನು ತಗೊಂಡು ಎಣಿಸತೊಡಗಿದೆವು. ಕಾಟುಗಳು ಜನವರಿ 6, ಫೆಬ್ರವರಿ 10, ಮಾರ್ಚ್ 16, ಏಪ್ರಿಲ್ 21, ಮೇ 25, ಜೂನ್ 29. ನಡುವಿನ ಅಂತರ 35, 34, 36, 34, 35 ದಿನ. ಆಕೆ "ಹೆಚ್ಚುಕಡಿಮಿ" ಅಂದದ್ದು ಇಷ್ಟೇ. ತಾರೀಕು ಪ್ರತಿ ತಿಂಗಳು ಮುಂದೆ ಹೋಗುವುದರಿಂದ ಏರುಪೇರು ಅನ್ನಿಸಿತ್ತು. ನಿಜವಾಗಿ ಆಕೆಯ ಮುಟ್ಟು ಗಡಿಯಾರದಷ್ಟು ನಿಯಮಿತ. ಅದರ ಸುತ್ತು ಮಾತ್ರ 28ರದ್ದಲ್ಲ, 35ರದ್ದು.

ಸೊನ್ನೆಗಳು ಜನವರಿ 25, ಫೆಬ್ರವರಿ 28, ಏಪ್ರಿಲ್ 4, ಮೇ 8, ಜೂನ್ 13. ಹಿಂದಿನ ಕಾಟಿನಿಂದ ಎಣಿಸಿದರೆ 17, 18, 19 ಹೀಗೆ ಸ್ವಲ್ಪ ಅತ್ತಿತ್ತ. ಮುಂದಿನ ಕಾಟಿನಿಂದ ಹಿಂದಕ್ಕೆ ಎಣಿಸಿದರೆ ಪ್ರತಿ ಸಲವೂ 16 ಅಥವಾ 17. ನಾನು ಪೆನ್ನು ಕೆಳಗಿಟ್ಟೆ. ಮೂರು ವರ್ಷದ ಗೋಜಲು ಆ ಎಣ್ಣೆ ಹಾಳೆಯ ಮೇಲೆ ಬಿಚ್ಚಿಕೊಂಡಿತ್ತು.

ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ನವಲೂರು ಪೇರಲ ಹಣ್ಣನ್ನು ತೊಟ್ಟು ಕೆಳಗೆ ಮಾಡಿ ಹಿಡಿದರೆ ಹೇಗೋ ಹಾಗೆ ಗರ್ಭಚೀಲ. ಉದ್ದ ಸುಮಾರು ಏಳೂವರೆ ಸೆಂಟಿಮೀಟರ್, ದಪ್ಪ ಗೋಡೆ, ಒಳಗೆ ಬಹಳ ಚಿಕ್ಕ ಜಾಗ. ತೊಟ್ಟಿನ ಕಡೆ ಇರುವುದೇ ಗರ್ಭಚೀಲದ ಬಾಯಿ, ಅದು ಯೋನಿಯೊಳಗೆ ತೆರೆಯುತ್ತೆ. ಮೇಲಿನ ಎರಡು ಮೂಲೆಯಿಂದ ಎರಡು ನಾಳ ಹೊರಡುತ್ತವೆ, ಒಂದೊಂದೂ ಗೇಣಿನ ಅರ್ಧದಷ್ಟು ಉದ್ದ. 16ನೇ ಶತಮಾನದ ಇಟಲಿಯ ವೈದ್ಯ ಫೆಲೋಪಿಯೊ ಹೆಸರು ಇವಕ್ಕೆ ಅಂಟಿಕೊಂಡಿದೆ. ನಾಳದ ತುದಿಯಲ್ಲಿ ಕುಚ್ಚಿನಂಥ ಬೆರಳುಗಳು. ಪಕ್ಕದಲ್ಲಿ ಬಾದಾಮಿ ಆಕಾರದ ಅಂಡಾಶಯ. ನಾಳವನ್ನೂ ಅಂಡಾಶಯವನ್ನೂ ಯಾರೂ ಬೆಸೆದಿಲ್ಲ. ಅಂಡ ಹೊರಬಿದ್ದಾಗ ಆ ಕುಚ್ಚು ಅದನ್ನು ಬಳಿದುಕೊಂಡು ಒಳಗೆ ಹಾಕಿಕೊಳ್ಳುತ್ತೆ. ಓದುವಾಗ ಇದನ್ನು ಮೊದಲ ಸಲ ಕೇಳಿ ನನಗೆ ನಂಬಿಕೆಯೇ ಬಂದಿರಲಿಲ್ಲ. ಇಷ್ಟು ಮುಖ್ಯ ಕೆಲಸಕ್ಕೆ ಪೈಪ್ ಜೋಡಿಸದೆ ಬಿಟ್ಟಿದ್ದಾರಲ್ಲ ಅಂತ.

ಹೆಣ್ಣು ಕೂಸು ಹುಟ್ಟುವಾಗಲೇ ಅಂಡಾಶಯಗಳಲ್ಲಿ 10ರಿಂದ 20 ಲಕ್ಷ ಅಂಡಾಣು ಇರುತ್ತವೆ. ಹೊಸದು ಹುಟ್ಟುವುದಿಲ್ಲ, ಇದ್ದದ್ದೇ ಸವೆಯುತ್ತಾ ಹೋಗುತ್ತೆ. ದೊಡ್ಡವಳಾಗುವ ಹೊತ್ತಿಗೆ ಮೂರು ನಾಲ್ಕು ಲಕ್ಷ. ಅದರಲ್ಲಿ ಜೀವಮಾನವಿಡೀ ಹೊರಬೀಳುವುದು 400ರಿಂದ 500. ಪ್ರತಿ ಸುತ್ತಿನಲ್ಲಿ ಕೆಲವು ಕೋಶಗಳು ಒಟ್ಟಿಗೆ ಬೆಳೆಯಲು ಹೊರಡುತ್ತವೆ, ಸಾಮಾನ್ಯವಾಗಿ ಒಂದು ಮಾತ್ರ ಗೆಲ್ಲುತ್ತೆ. ವಯಸ್ಸು ಚಿಕ್ಕದಿದ್ದವರ ಸ್ಕ್ಯಾನಿನಲ್ಲಿ ಸಣ್ಣ ಕೋಶಗಳು ಜಾಸ್ತಿ ಕಾಣುವುದು ಅಪರೂಪವಲ್ಲ. ಮುಟ್ಟು ತಪ್ಪುವುದು, ಮೀಸೆ ಗಡ್ಡದ ಜಾಗದಲ್ಲಿ ಕೂದಲು, ವಿಪರೀತ ಮೊಡವೆ, ಇಂಥದ್ದೇನೂ ಇಲ್ಲದೆ ಬರೀ ಸ್ಕ್ಯಾನ್ ನೋಡಿ ಪಿಸಿಓಡಿ ಅನ್ನಬಾರದು. ಈಕೆಗೆ ಇದ್ಯಾವುದೂ ಇರಲಿಲ್ಲ.

ಗೆದ್ದ ಕೋಶ ಬೆಳೆಯುತ್ತಾ ಈಸ್ಟ್ರೋಜನ್ ಸುರಿಸುತ್ತೆ. ಅದರಿಂದ ಎರಡು ಕೆಲಸ. ಗರ್ಭಚೀಲದ ಒಳಪದರ ದಪ್ಪವಾಗುತ್ತೆ. ಗರ್ಭಚೀಲದ ಬಾಯಿಯ ಲೋಳೆ ನೀರಾಗಿ, ತಿಳಿಯಾಗಿ, ಎಳೆದರೆ ಎಳೆಯುವಂತೆ ಆಗುತ್ತೆ. ಬೇರೆ ದಿನಗಳಲ್ಲಿ ಅದು ಗಟ್ಟಿ ಬೆಣೆ, ಒಳಗೆ ಯಾರನ್ನೂ ಬಿಡುವುದಿಲ್ಲ. ಯೋನಿಯ ಒಳಗೆ ಆಮ್ಲದ ಗುಣ ಇರುತ್ತೆ, ಸೋಂಕು ತಡೆಯಲು ಅದು ಬೇಕು. ಆದರೆ ವೀರ್ಯಾಣು ಅದರಲ್ಲಿ ಬಹಳ ಹೊತ್ತು ಬದುಕುವುದಿಲ್ಲ. ಈ ತಿಳಿ ಲೋಳೆ ಬಂದಾಗ ಮಾತ್ರ ದಾರಿ ತೆರೆಯುತ್ತೆ. ಆಗ ಒಳಗೆ ಸೇರಿದ ವೀರ್ಯಾಣು ಐದು ದಿನದವರೆಗೂ ಬದುಕಬಲ್ಲದು. ಅಂಡದ ಆಯುಷ್ಯ ಹೊರಬಿದ್ದ ಮೇಲೆ 12ರಿಂದ 24 ಗಂಟೆ, ಅಷ್ಟೇ.

1995ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ಇದನ್ನು ಸ್ಪಷ್ಟವಾಗಿ ತೋರಿಸಿತು. ಗರ್ಭ ಬಯಸುತ್ತಿದ್ದ 221 ಹೆಂಗಸರನ್ನು ಹಿಂಬಾಲಿಸಿ ನೋಡಿದರು. ಗರ್ಭ ನಿಂತದ್ದೆಲ್ಲ ಅಂಡ ಹೊರಬೀಳುವ ದಿನ ಮತ್ತು ಅದರ ಹಿಂದಿನ ಐದು ದಿನ, ಈ ಆರು ದಿನದ ಕೂಟದಿಂದ. ಒಂದು ದಿನ ತಡವಾದರೂ ಇಲ್ಲ.

ಹಾಗಾದರೆ ಅಂಡ ಹೊರಬೀಳುವುದು ಯಾವಾಗ? 14ನೇ ದಿನ ಅಂತ ಶಾಲೆಯ ಪುಸ್ತಕದಲ್ಲೂ ಇದೆ. ಅದು 28 ದಿನದ ಸುತ್ತಿಗೆ ಮಾತ್ರ. 1924ರಲ್ಲಿ ಜಪಾನಿನ ವೈದ್ಯ ಕ್ಯುಸಾಕು ಒಗಿನೊ ಲೆಕ್ಕವನ್ನು ತಿರುಗಿಸಿ ಹಾಕಿದರು. ಹಿಂದಿನ ಮುಟ್ಟಿನಿಂದ ಮುಂದಕ್ಕೆ ಎಣಿಸಬೇಡಿ, ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಿ, 12ರಿಂದ 16 ದಿನ. ಕಾರಣ ಇಷ್ಟು. ಅಂಡ ಹೊರಬಿದ್ದ ಮೇಲೆ ಉಳಿದ ಕೋಶದ ಸಿಪ್ಪೆ ಹಳದಿ ಗಂಟಾಗಿ ಪ್ರೊಜೆಸ್ಟರಾನ್ ಮಾಡುತ್ತೆ. ಅದರ ಆಯುಷ್ಯ ಹೆಚ್ಚುಕಡಿಮೆ ಎರಡು ವಾರ. ಗರ್ಭ ನಿಲ್ಲದಿದ್ದರೆ ಅದು ಬಾಡುತ್ತೆ, ಒಳಪದರ ಕಳಚುತ್ತೆ, ಮುಟ್ಟಾಗುತ್ತೆ. ಈ ಎರಡು ವಾರ ಅಷ್ಟಾಗಿ ಬದಲಾಗುವುದಿಲ್ಲ. ಹಿಗ್ಗುವುದು ಕುಗ್ಗುವುದು ಅದರ ಮುಂಚಿನ ಭಾಗ, ಕೋಶ ಬೆಳೆಯುವ ಭಾಗ.

ಈಗ ಫೈಲಿಗೆ ವಾಪಸ್ ಬನ್ನಿ. 35 ದಿನದ ಸುತ್ತಿನಲ್ಲಿ ಅಂಡ ಹೊರಬೀಳುವುದು 21, 22ನೇ ದಿನದ ಸುಮಾರಿಗೆ. 21ನೇ ದಿನ ಪ್ರೊಜೆಸ್ಟರಾನ್ ನೋಡಿದರೆ ಕಡಿಮೆಯೇ ಇರುತ್ತೆ, ಅಂಡ ಇನ್ನೂ ಹೊರಟೇ ಇಲ್ಲ. 12ರಿಂದ 16ನೇ ದಿನ ಸೇರಿದರೆ ದಾರಿ ಇನ್ನೂ ಮುಚ್ಚಿದೆ. 18ರ ಮೇಲೆ ಬಾಗಿಲು ತೆರೆದು ಲೋಳೆ ಬಂದ ಕೂಡಲೇ ಈಕೆ ಕಿಟ್ ಶುರು ಮಾಡಿ ಬೇರೆ ಮಲಗುತ್ತಿದ್ದಳು. ಮೈ ಪ್ರತಿ ತಿಂಗಳು ಕರೆ ಕಳಿಸುತ್ತಿತ್ತು. ಆ ಕರೆಗೇ ಔಷಧಿ ಕೊಡುತ್ತಿದ್ದರು.

ಇದನ್ನೆಲ್ಲ ಆಕೆಗೆ ಹೇಗೆ ಹೇಳಿದೆ ಅಂದರೆ, ಹೇಳಲೇ ಇಲ್ಲ. ಆಕೆಯೇ ಹೇಳಿದಳು. ರಾಣೇಬೆನ್ನೂರು ಸುತ್ತ ಹೈಬ್ರಿಡ್ ತರಕಾರಿ ಬೀಜ ಮಾಡುವ ಪ್ಲಾಟ್‌ಗಳು ಬಹಳ. ಈಕೆ ಬೆಂಡೆ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಾಳೆ. ಯಾವ ಹೂವು ಯಾವಾಗ ಕ್ರಾಸ್ ಮಾಡುತ್ತೀರಿ ಅಂತ ಕೇಳಿದೆ.

"ಸಂಜಿ ಮುಂದ ನಾಳೆ ಅರಳೂ ಮೊಗ್ಗು ಹುಡಕಬೇಕ್ರಿ. ಅದರಾಗಿಂದು ಗಂಡಿನ ಭಾಗ ತಗದು ಕಾಗದ ಮುಚ್ಚೂದು. ಮುಂಜಾನೆ ಗಂಡು ಗಿಡದ ಹೂವಿಂದು ಪುಡಿ ಹಚ್ಚಿ ದಾರ ಕಟ್ಟೂದು."

"ಮಧ್ಯಾಹ್ನ ಹಚ್ಚಿದ್ರ?"

"ಹೂವ ಬಾಡಿರ್ತೈತ್ರಿ. ಕಾಯಿ ಹಿಡಿಯಂಗಿಲ್ಲ."

"ಎರಡು ದಿನ ಮೊದಲ ಹಚ್ಚಿದ್ರ?"

"ಮೊಗ್ಗಿಗೆ ಎಲ್ಲಿ ಹಚ್ಚೂದ್ರಿ?" ಅಂತ ನಕ್ಕಳು. ನಕ್ಕವಳು ಹಾಗೇ ಸುಮ್ಮನಾದಳು. ಕ್ಯಾಲೆಂಡರ್ ಹಾಳೆಯ ಸೊನ್ನೆಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದಳು. ಹೌದು ಅಂತ ತಲೆಯಾಡಿಸಿದೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇದು ನನ್ನ ಊಹೆ ಮಾತ್ರ ಆಗಬಾರದು, ಪರೀಕ್ಷೆ ಮಾಡಲೇಬೇಕು. ಜೂನ್ 29ರಿಂದ ಶುರುವಾದ ಸುತ್ತಿನಲ್ಲಿ ಮೂರು ಸಲ ಸ್ಕ್ಯಾನ್ ಮಾಡಿದೆವು. 18ನೇ ದಿನ ಬಲ ಅಂಡಾಶಯದಲ್ಲಿ 15 ಮಿಲಿಮೀಟರ್ ಕೋಶ. 20ನೇ ದಿನ 19. 23ನೇ ದಿನ ಅದು ಕುಸಿದು ಪಕ್ಕದಲ್ಲಿ ಸ್ವಲ್ಪ ನೀರು. ಅಂಡ ಹೋಗಿದೆ. ಪ್ರೊಜೆಸ್ಟರಾನ್ ಪರೀಕ್ಷೆಯನ್ನು 29ನೇ ದಿನ ಮಾಡಿಸಿದೆ, ಮುಂದಿನ ಮುಟ್ಟಿಗೆ ಒಂದು ವಾರ ಮೊದಲು. 12.4 ಬಂತು. ಮೂರಕ್ಕಿಂತ ಜಾಸ್ತಿ ಇದ್ದರೆ ಅಂಡ ಬಿಡುಗಡೆ ಆಗಿದೆ ಎಂದರ್ಥ. ಥೈರಾಯ್ಡ್ ಸರಿ ಇತ್ತು.

ಇನ್ನೊಂದು ಪರೀಕ್ಷೆ ಮೂರು ವರ್ಷದಲ್ಲಿ ಯಾರೂ ಬರೆದಿರಲಿಲ್ಲ. ಗಂಡನದು. ಬರೆದುಕೊಟ್ಟಾಗ ಅತ್ತೆ ಎದ್ದೇ ನಿಂತರು. "ನಮ್ಮ ಹುಡುಗಗ ಏನಾಗೇತ್ರಿ? ಮಾರ್ಕೆಟಿನ್ಯಾಗ ಚೀಲ ಹೊರ್ತಾನ ಅಂವ." ಚೀಲ ಹೊರುವುದಕ್ಕೂ ವೀರ್ಯಕ್ಕೂ ಸಂಬಂಧವಿಲ್ಲ ಅಂತ ಅವರಿಗೆ ಹೇಳಿ ಪ್ರಯೋಜನವಿರಲಿಲ್ಲ. ಹೊರಗೆ ಹೋಗಿ ಬೈಕಿನ ಹತ್ತಿರವೇ ಅವನ ಜೊತೆ ಮಾತಾಡಿದೆ. ಮೂವತ್ತೊಂದು ವರ್ಷ, ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟಿನಲ್ಲಿ ಹಮಾಲಿ. ಬಾಯಲ್ಲಿ ಗುಟ್ಕಾ. ಗುಟ್ಕಾ ಉಗಿದು, "ಮಾಡಸ್ತೀನಿ ಬಿಡ್ರಿ ಮೇಡಂ, ಅದ್ರಾಗೇನೈತಿ" ಅಂದ. ಅವ್ವನಿಗಿಂತ ಅವನೇ ಸಲೀಸು. ವರದಿಯಲ್ಲಿ ಮಿಲಿಲೀಟರಿಗೆ 3.8 ಕೋಟಿ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಕೆಳಗಿನ ಮಿತಿ 1.6 ಕೋಟಿ. ಚಲನೆಯೂ ಸಾಕಷ್ಟಿತ್ತು. ಗುಟ್ಕಾ ಬಿಡು ಅಂತ ಹೇಳಿದೆ. ಬಿಟ್ಟೆ ಅಂತ ಆಮೇಲೆ ಹೇಳಿದ, ಹಲ್ಲು ಬೇರೆಯೇ ಹೇಳುತ್ತಿತ್ತು.

ನಾಳಗಳು ತೆರೆದಿವೆಯೋ ಇಲ್ಲವೋ ನೋಡಲು ಬಣ್ಣ ಬಿಟ್ಟು ಎಕ್ಸ್‌ರೇ ತೆಗೆಯುವ ಪರೀಕ್ಷೆ ಇದೆ. ಮೂರು ವರ್ಷ ಮಕ್ಕಳಾಗದಿದ್ದರೆ ಅದನ್ನು ಬರೆಯುವುದು ರೂಢಿ. ನಾನು ಬರೆಯಲಿಲ್ಲ. ಒಂದು ವರ್ಷ ಸರಿಯಾಗಿ ಸೇರಿಯೂ ಗರ್ಭ ನಿಲ್ಲದಿದ್ದರೆ ಬಂಜೆತನ ಅಂತ ಲೆಕ್ಕ. ಇವರು ಮೂರು ವರ್ಷದಲ್ಲಿ ಸರಿಯಾದ ಒಂದು ವಾರವೂ ಸೇರಿದ್ದು ಅನುಮಾನ. ಹೊಟ್ಟೆಯ ಸೋಂಕಿನ ಹಿನ್ನೆಲೆ ಇಲ್ಲ, ವಯಸ್ಸು 26. ಆರು ಸುತ್ತು ನೋಡೋಣ, ಆಮೇಲೆ ಬೇಕಾದರೆ ಮಾಡೋಣ ಅಂತ ನಿರ್ಧಾರ ಮಾಡಿದೆ. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಇದನ್ನು ಒಪ್ಪಲಿಲ್ಲ. ಅವರ ಮಾತಿನಲ್ಲೂ ಹುರುಳಿತ್ತು. 35 ವರ್ಷದವಳಾಗಿದ್ದರೆ ನಾನೂ ಕಾಯುತ್ತಿರಲಿಲ್ಲ.

ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿಸಿ ಕಳಿಸಿದೆ. ಹೇಳಿದ್ದು ಒಂದೇ. ಲೋಳೆ ಕಂಡ ದಿನದಿಂದ ಅದು ಹೋಗುವವರೆಗೆ, ದಿನ ಬಿಟ್ಟು ದಿನ ಆದರೂ ಸಾಕು.

ಅತ್ತೆಯ ವಿಷಯ ಇಲ್ಲಿಯೇ ಹೇಳಬೇಕು. ಆಗಸ್ಟ್‌ನಲ್ಲಿ ಒಂದು ದಿನ ಅವರು ಒಬ್ಬರೇ ಬಂದರು. ಹಾವೇರಿ ಸಂತೆಗೆ ಬಂದಿದ್ದೆ, ಹಂಗೇ ಬಂದೆ ಅಂದರು. ಕೂತು ಸೆರಗು ಸರಿಮಾಡಿಕೊಂಡು ಕೇಳಿದರು.

"ಬಾಯಾರ, ಬಿಳಿ ಹೋದ್ರ ರೋಗ ಅಲ್ಲ ಅಂತ ಹೇಳಿದ್ರಿ ಆಕಿಗೆ. ನನಗೂ ಬಿಳಿ ಹೋಗ್ತಿತ್ತು. ಚೀಲ ತಗದ್ರು. ಹಂಗಾರ ನನ್ನ ಚೀಲದಾಗ ಏನಿತ್ರಿ?"

ಅವರಿಗೆ ಈಗ 52. ಗರ್ಭಚೀಲ ತೆಗೆದಾಗ 34. ಯಾಕೆ ತೆಗೆದರು ಅಂತ ಕೇಳಿದರೆ, ಬಿಳಿ ಹೋಗುತ್ತೆ, ಬಿಟ್ಟರೆ ಕ್ಯಾನ್ಸರ್ ಆಗುತ್ತೆ ಅಂದಿದ್ದರಂತೆ. ಎರಡು ಮಕ್ಕಳು ಆಗಿದ್ದವು, ಇನ್ನು ಚೀಲ ಯಾಕೆ ಬೇಕು ಅಂತಲೂ ಅಂದಿದ್ದರಂತೆ. ಆಪರೇಷನ್ ಆದ ತಿಂಗಳೊಪ್ಪತ್ತಿನಲ್ಲೇ ಮೈಯೆಲ್ಲ ಉರಿ, ರಾತ್ರಿ ಬೆವರು, ನಿದ್ದೆ ಇಲ್ಲ. ಹದಿನೆಂಟು ವರ್ಷದಿಂದ ಸೊಂಟ ನೋವು. ಬರೀ ಗರ್ಭಚೀಲ ತೆಗೆದು ಅಂಡಾಶಯ ಉಳಿಸಿದ್ದರೆ ಮುಟ್ಟು ನಿಂತರೂ ಈಸ್ಟ್ರೋಜನ್ ಹರಿಯುತ್ತಲೇ ಇರಬೇಕಿತ್ತು. ಉರಿ ಹಾಗೆ ದಿಢೀರ್ ಅಂತ ಬಂತೆಂದರೆ ಅಂಡಾಶಯಗಳನ್ನೂ ತೆಗೆದಿರುವ ಸಾಧ್ಯತೆ ಜಾಸ್ತಿ. ಈಸ್ಟ್ರೋಜನ್ ಬರೀ ಮಕ್ಕಳಿಗಲ್ಲ, ಎಲುಬು ಗಟ್ಟಿ ಇರುವುದಕ್ಕೂ ಬೇಕು. ಸ್ಕ್ಯಾನ್ ಮಾಡಿದೆ. ಎರಡೂ ಕಾಣಲಿಲ್ಲ.

ತೆಗೆದ ಚೀಲವನ್ನು ಪರೀಕ್ಷೆಗೆ ಕಳಿಸಿದ ಕಾಗದ ಇದೆಯಾ ಅಂದೆ. ಯಾವ ಕಾಗದವೂ ಇಲ್ಲ. ಮನೆ ಕಟ್ಟಿಸುವಾಗ ಎಲ್ಲ ಹೋಯಿತು ಅಂದರು.

"ಗೊತ್ತಾಗಂಗಿಲ್ಲವ್ವಾ ಈಗ" ಅಂದೆ. ಅವರು ತಲೆಯಾಡಿಸಿದರು. ಎಲುಬಿನ ಸಾಂದ್ರತೆ ನೋಡಲು ಹುಬ್ಬಳ್ಳಿಗೆ ಬರೆದುಕೊಟ್ಟೆ, ಕ್ಯಾಲ್ಸಿಯಂ, ವಿಟಮಿನ್ ಡಿ ಕೊಟ್ಟೆ. ಏಳುವಾಗ, "ಆಕಿಗೆ ಹಂಗ ಆಗಬಾರ್ದಂತನ ನಾನ ಗುಳಿಗಿ ನುಂಗಸ್ತಿದ್ನಿ" ಅಂದರು. ಕಿಟ್ ತಂದುಕೊಡುತ್ತಿದ್ದದ್ದು, ಬೇರೆ ಮಲಗು ಅಂದದ್ದು ಯಾರು ಅಂತ ಆಗ ತಿಳಿಯಿತು. ಸೊಸೆ ಒಂದು ದಿನವೂ ಹೇಳಿರಲಿಲ್ಲ.

ಆಗಸ್ಟ್ ಸುತ್ತಿನಲ್ಲಿ ಆಗಲಿಲ್ಲ. ಸೆಪ್ಟೆಂಬರ್‌ನಲ್ಲೂ ಆಗಲಿಲ್ಲ. ಎಲ್ಲ ಸರಿ ಇದ್ದು ಸರಿಯಾದ ದಿನ ಸೇರಿದರೂ ಪ್ರತಿ ಸಲ ಗರ್ಭ ನಿಲ್ಲುವುದಿಲ್ಲ ಅಂತ ಮೊದಲೇ ಹೇಳಿದ್ದೆ, ಆದರೂ ನನಗೇ ಒಳಗೊಳಗೆ ಅಳುಕು. ಅಕ್ಟೋಬರ್ 11ಕ್ಕೆ ಮುಟ್ಟು. ನವೆಂಬರ್ 15ಕ್ಕೆ ಬರಬೇಕಿತ್ತು, ಬರಲಿಲ್ಲ. 20ನೇ ತಾರೀಕು ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ ಎರಡು ಗೆರೆ.

ಒಳಗೆ ನಡೆದದ್ದು ಇಷ್ಟು. ನಾಳದ ಅಗಲ ಭಾಗದಲ್ಲಿ ಅಂಡಕ್ಕೆ ವೀರ್ಯಾಣು ಸೇರಿ, ಒಂದು ಎರಡಾಗಿ ಎರಡು ನಾಲ್ಕಾಗಿ, ಐದಾರು ದಿನಕ್ಕೆ ಗರ್ಭಚೀಲಕ್ಕೆ ಇಳಿದು ಒಳಪದರದಲ್ಲಿ ಬೇರು ಬಿಟ್ಟಿದೆ. ಅಲ್ಲಿಂದ ಎಚ್‌ಸಿಜಿ ಅನ್ನುವ ಹಾರ್ಮೋನ್ ಕಳಿಸಿ ಆ ಹಳದಿ ಗಂಟಿಗೆ ಬಾಡಬೇಡ ಅಂತ ಹೇಳಿದೆ. ಪಟ್ಟಿಯಲ್ಲಿ ಕಾಣುವುದು ಅದೇ ಹಾರ್ಮೋನ್.

ಡಿಸೆಂಬರ್‌ನಲ್ಲಿ ಆಕೆ ತಾಯಿ ಕಾರ್ಡ್ ಹಿಡಿದು ಬಂದಳು. ಹೆರಿಗೆ ತಾರೀಕು ಜುಲೈ 18 ಅಂತ ಬರೆದಿತ್ತು.

"ಮೇಡಂ, ಇದ್ರಾಗ ಒಂದ್ ವಾರ ಮೊದಲ ಬರದಾರ್ರಿ" ಅಂದಳು.

ಮುಟ್ಟಾದ ದಿನಕ್ಕೆ 280 ದಿನ ಕೂಡಿಸಿ ತಾರೀಕು ಬರೆಯುತ್ತಾರೆ. ಆ ಲೆಕ್ಕದ ಒಳಗೂ ಅದೇ 28 ದಿನದ ಸುತ್ತು ಕೂತಿದೆ. 35ರ ಸುತ್ತಿನವಳಿಗೆ ಏಳು ದಿನ ಸೇರಿಸಬೇಕು. ನಾನು ಇದನ್ನು ಆಕೆಗೆ ಹೇಳಿಕೊಟ್ಟಿರಲಿಲ್ಲ. ಸೊನ್ನೆಯಿಂದ ತಾನೇ ಎಣಿಸಿದ್ದಳು. ಮೊದಲ ತಿಂಗಳುಗಳ ಸ್ಕ್ಯಾನ್ ಜುಲೈ 24 ಅಂತ ತೋರಿಸಿತು, ಕಾರ್ಡಿನಲ್ಲಿ ತಿದ್ದಿಸಿದೆವು. ಇದು ಸಣ್ಣ ವಿಷಯ ಅಲ್ಲ. ತಾರೀಕು ದಾಟಿತು ಅಂತ ನೋವು ಬರಿಸುವ ಇಂಜೆಕ್ಷನ್ ಶುರು ಮಾಡುವುದು, ಸಿಸೇರಿಯನ್‌ಗೆ ಹೋಗುವುದು ಎಷ್ಟೋ ಕಡೆ ಈ ಒಂದು ವಾರದ ಮೇಲೇ ನಿಂತಿರುತ್ತೆ.

ಜುಲೈ 26ರ ನಸುಕಿನಲ್ಲಿ ಹೆರಿಗೆ ಆಯಿತು. ಸಹಜ ಹೆರಿಗೆ, ಹೆಣ್ಣು ಕೂಸು, 2.9 ಕಿಲೋ.

ಆರು ವಾರಕ್ಕೆ ತೋರಿಸಲು ಬಂದಾಗ ಅತ್ತೆಯ ತೊಡೆಯ ಮೇಲೆ ಕೂಸು. ಗಂಡ ಈ ಸಲ ಒಳಗೆ ಬಂದು ಕೂತಿದ್ದ. ಎಲ್ಲ ನೋಡಿ ಮುಗಿಸಿದ ಮೇಲೆ ಸೊಸೆ ಕೇಳಿದಳು, ಮೊಲೆ ಕುಡಿಸುತ್ತಿದ್ದೇನೆ, ಮುಟ್ಟು ಮತ್ತೆ ಯಾವಾಗ ಬರುತ್ತೆ, ಮೊದಲ ಕಾಟು ಬಿದ್ದ ಮೇಲೆ ಹುಷಾರಾಗಿದ್ದರೆ ಸಾಕಲ್ಲವಾ ಅಂತ. ಸಾಲದು ಅಂದೆ. ಹಗಲು ರಾತ್ರಿ ಬರೀ ಎದೆಹಾಲು ಕುಡಿಸುತ್ತಿದ್ದರೆ ಮೊದಲ ಆರು ತಿಂಗಳು ಅಂಡ ಸಾಮಾನ್ಯವಾಗಿ ತಡೆದಿರುತ್ತೆ. ಮೇಲಿನ ಆಹಾರ ಶುರುವಾದ ಮೇಲೆ ಹೇಳಲು ಬರುವುದಿಲ್ಲ. ಮೊದಲ ಮುಟ್ಟಿಗಿಂತ ಎರಡು ವಾರ ಮುಂಚೆಯೇ ಅಂಡ ಹೊರಬೀಳಬಹುದು. ಕಾಟು ಕಾಯುತ್ತಾ ಕೂತರೆ ಕಾಟು ಬರದೆಯೂ ಹೋಗಬಹುದು.

ಆಕೆ ಸ್ವಲ್ಪ ಯೋಚಿಸಿ ಗಂಡನ ಕಡೆ ತಿರುಗಿದಳು.

"ಈ ಸಲ ಸೊನ್ನಿ ಮೊದಲ ಬರ್ತೈತಂತ, ಕೇಳಿದ್ರಿಲ್ಲ?"

ಅವನು ಕೂಸನ್ನು ನೋಡುತ್ತಾ ಹೂಂ ಅಂದ. ಕಾಪರ್-ಟಿ ಬಗ್ಗೆ ಕೇಳಿದ್ದು ಅತ್ತೆ.